ಕೆಂಪು ಫ್ಯೂಜಿಯ ಶಿಗೆನೊ ಅವರಿಗೆ ಬೀಳ್ಕೊಡುಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ದಿನವೂ ಕಾಸು ಕೊಟ್ಟು ಮೀಯಲು ನನ್ನ ಸ್ನಾನದ ಮನೆಗೆ ಬರುವ, ಮತ್ತು ಬರಲೇಬೇಕಾದ ಸಭಿಕರೇ,

ಬಣ್ಣದ ಹುಚ್ಚಿ ಎಂದು ಪತ್ರಿಕೆಗಳು ಕರೆಯುವ ನವ್ಯ ಚಿತ್ರಕಲಾವಿದೆ ಶಿಗೆನೊ ಅವರು ನಾಳೆ ನಮ್ಮ ಊರು ಬಿಟ್ಟು ಟೋಕಿಯೊಗೆ, ತಂಗಿಯ ಮಗಳ ಮನೆಗೆ ಹೊರಟಿದ್ದಾರೆ. ದೊಡ್ಡ ನಗರ, ದೊಡ್ಡ ಗ್ಯಾಲರಿಗಳು. ನನಗೆ ಸಂತೋಷವೇ. "ಎರಡು ಮಾತಾಡು ತೊಕುಜಿ" ಎಂದರು ಅಧ್ಯಕ್ಷರು. ಸಂತೋಷವಾದಾಗ ಮಾತು ಹೊರಡುತ್ತದೆಯೇ?

ಸ್ನಾನದ ಮನೆಯ ಗೋಡೆಗೆ ನೀಲಿ ಫ್ಯೂಜಿ ಬೆಟ್ಟ ಬರೆಸುವುದು ಅಜ್ಜಂದಿರ ಕಾಲದ ಪದ್ಧತಿ. ಮುಳುಗುವ ಸೂರ್ಯನನ್ನು ಮಾತ್ರ ಬರೆಸಕೂಡದು, ವ್ಯಾಪಾರವೂ ಮುಳುಗುತ್ತದೆ. ವಾರದ ರಜೆಯ ದಿನ ಶಿಗೆನೊ ಅವರಿಗೆ ಗೋಡೆ ಒಪ್ಪಿಸಿ ನಾನು ಹಲ್ಲಿನ ಡಾಕ್ಟರ ಬಳಿ ಹೋದೆ. ಬಂದು ನೋಡಿದರೆ ಬೆಟ್ಟ ಕೆಂಡದ ಕೆಂಪು, ಸಮುದ್ರ ಗುಲಾಬಿ, ಆಕಾಶ ಗಿಳಿಹಸಿರು! ಹೆಂಗಸರ ಕಡೆ ಮೊರದಗಲ ಸೂರ್ಯ! "ಏನಮ್ಮಾ ಇದು?" ಎಂದು ಬಾಯಿ ಬಡಿದುಕೊಂಡೆ. "ಕೆಂಪು ನೋಡಿದ್ರೆ ನೀರು ಇನ್ನೂ ಬಿಸಿ ಅನ್ಸುತ್ತೆ. ಸೌದೆ ಉಳೀತು ಅಂತ ಸುಮ್ನಿರಿ" ಎಂದರು.

ಮೀನಂಗಡಿಯ ಕಿನ್ಸಾಕು ಒಳಗೆ ಕಾಲಿಟ್ಟವನೇ, "ಲೋ ತೊಕುಜಿ, ಸ್ನಾನಕ್ಕೆ ಕರೆದ್ಯೋ, ಚಿತೆಗೆ ಕರೆದ್ಯೋ?" ಎಂದ. ಅಗೋ, ಅಲ್ಲಿ ಕೂತು ನಗುತ್ತಿದ್ದಾನೆ. ಗಂಡಸರ ಕಡೆಗೆ ಸೂರ್ಯ ಕಾಣುವುದಿಲ್ಲವಲ್ಲ, ಸೂರು ಮುಟ್ಟದ ನಡುಗೋಡೆಯ ಮೇಲಿಂದ ಹೆಂಡತಿಗೆ ಕೂಗಿದ: "ಏ, ಸೂರ್ಯ ಹುಟ್ತಿದ್ದಾನಾ, ಮುಳುಗ್ತಿದ್ದಾನಾ?" "ನಿಮ್ಮ ಮುಖ ನೋಡಿದ್ರೆ ಮುಳುಗ್ತಾನೆ ಬಿಡಿ!" ಮನೆಯಲ್ಲಿ ಮಾತು ಬಿಟ್ಟಿದ್ದ ಗಂಡ ಹೆಂಡಿರೆಲ್ಲ ಅಂದಿನಿಂದ ನನ್ನ ಗೋಡೆಯಾಚೀಚೆ ಜಗಳ ಶುರು ಮಾಡಿದರು. ವ್ಯಾಪಾರ ಮುಳುಗಿತೇ? ತೊಟ್ಟಿಯಲ್ಲಿ ಕೂರಲು ಜಾಗವಿಲ್ಲ!

ನನ್ನವಳು ತೀರಿಕೊಂಡ ಮೇಲೆ ಗೋಡೆಯಾಚೆಯಿಂದ ನನ್ನನ್ನು ಕೂಗುವವರಿರಲಿಲ್ಲ. ಒಂದು ಸಂಜೆ ಶಿಗೆನೊ ಅವರ ದನಿ: "ತೊಕುಜಿಯವರೇ, ಸೋಪು ಇದ್ರೆ ಎಸೀರಿ." ಎಸೆದೆ. ಮರುದಿನವೂ ಎಸೆದೆ. ಗೋಡೆ ದಾಟಿಸಿ ಸೋಪು ಎಸೆಯುವವರು ಗಂಡ ಹೆಂಡಿರು ಮಾತ್ರ ಎಂದು ಬೀದಿಗೆಲ್ಲ ಗೊತ್ತು. ಯಾಕೆ ನಗುತ್ತೀರಿ? ಅವರು ಸೋಪು ಮರೆತು ಬರುತ್ತಿದ್ದರು, ಅಷ್ಟೇ. ವರ್ಷಗಟ್ಟಲೆ ಮರೆತರು.

ಎಲ್ಲಿದ್ದೆ? ಹಾಂ, ಸಂತೋಷ. ಸುಳ್ಳು, ಸಭಿಕರೇ! ನನಗೆ ಎಳ್ಳಷ್ಟೂ ಸಂತೋಷವಿಲ್ಲ. ಶಿಗೆನೊ ಅವರೇ, ಹೋಗಬೇಡಿ. ನನ್ನ ಮನೆಗೇ ಬಂದುಬಿಡಿ. ಅಯ್ಯೋ, ಹೇಳಿಯೇಬಿಟ್ಟೆ.

ಏನಂದಿರಿ? ಸ್ವಲ್ಪ ಗಲಾಟೆ ನಿಲ್ಲಿಸಿ, ಸಭಿಕರೇ... "ಇಷ್ಟು ಹೇಳೋಕೆ ನಿಮಗೆ ಮೈಕೇ ಬೇಕಿತ್ತಾ?" ಎನ್ನುತ್ತಿದ್ದಾರೆ ಶಿಗೆನೊ ಅವರು. ರೈಲಿನ ಟಿಕೆಟ್ಟನ್ನು ಅಧ್ಯಕ್ಷರ ಕೈಗೆ ಕೊಟ್ಟೇಬಿಟ್ಟರು!

ಅಧ್ಯಕ್ಷರಿಗೂ ಅಂಗಡಿ ಬೀದಿಯ ಸಂಘಕ್ಕೂ ಕೃತಜ್ಞತೆಗಳು. ಬೀಳ್ಕೊಡುಗೆ ರದ್ದಾಗಿದೆ. ಊಟ ಮಾತ್ರ ಎಲ್ಲರೂ ಮಾಡಿಕೊಂಡೇ ಹೋಗಬೇಕು. ನಮಸ್ಕಾರ.