ಮಾದರಿ ಮನೆಯ ನಾಲ್ಕು ಜನ

ಬೇಡ ಬೇಡ, ಆ ಕಿಟಕಿ ಮುಟ್ಟಬೇಡ ತಾಯಿ. ತೆಗೆಯೋಕೆ ಬರಲ್ಲ... ಬರುತ್ತೆ, ಆದ್ರೆ ತೆಗೆದ ಕೂಡ್ಲೇ ಆಫೀಸಿನ ಪರದೆ ಮೇಲೆ ಕೆಂಪು ಗುರುತು ಬೀಳುತ್ತೆ. ಮರೆತ್ಯಾ? ಆ ಸೆನ್ಸರ್ ಜೋಡಿಸಿದವಳೇ ನೀನು. ಸೆಕೆನಾ? ಕೂತ್ಕೋ. ಗೋಡೆಯ ಆ ಸಂದಿಯಿಂದ ಗಾಳಿ ಬರುತ್ತೆ. ಬರ್ಬೇಕು.

ಭಾನುವಾರ ಮನೆವರೆಗೂ ಹುಡುಕ್ಕೊಂಡು ಬಂದಿದ್ದೀಯ ಅಂದ್ರೆ ನಾಳೆ ನಗರಸಭೆ ಮೀಟಿಂಗಿನಲ್ಲಿ ನೀನು ವರದಿ ಕೊಡೋ ವಿಷಯಾನೇ ಇರ್ಬೇಕು. ಹೆದರ್ಬೇಡ. ಸದಸ್ಯರು ಏನು ಕೇಳ್ತಾರೆ? ಈ ಮಾದರಿ ಮನೇಲಿ ಗಂಡ ಹೆಂಡ್ತಿ ಇಬ್ಬರು ಮಕ್ಕಳು ಮಾಮೂಲಾಗಿ ಬದುಕ್ತಿದ್ದಾರಾ, ಚಾವಣಿ ಮೇಲಿನ ಸೋಲಾರ್ ಕರೆಂಟು ಅವರಿಗೆ ಸಾಕಾಗ್ತಿದ್ಯಾ, ಅಷ್ಟೇ ತಾನೆ? ಸಾಕಾಗ್ತಿದೆ ಅನ್ನು. ಯೋಜನೆ ಬರೆದ ಅಧಿಕಾರಿಯೇ ಹೆಂಡ್ತಿ ಮಕ್ಕಳನ್ನ ಕಟ್ಟಿಕೊಂಡು ಬಂದು ಇಲ್ಲಿ ಸಂಸಾರ ಮಾಡ್ತಿದ್ದಾನೆ ಅನ್ನು. ಇಂಥ ಮುನ್ನೂರು ಮನೆಗೆ ನಾಳೆನೇ ಒಪ್ಪಿಗೆ ಸಿಗುತ್ತೆ.

ಯಾಕೆ ನಗ್ತೀಯ? ಓ, ಅಡುಗೆಮನೆ ನೋಡಿದ್ಯಾ. ಒಂದೇ ತಟ್ಟೆ ಒಂದೇ ಲೋಟ ಇದೆ, ಹೌದು. ನಿಮ್ಮತ್ತಿಗೆ ತವರಿಗೆ ಹೋಗಿದ್ದಾಳೆ. ಮೊನ್ನೆ ಹೋದ್ಲು. ಮಕ್ಕಳನ್ನೂ ಕರ್ಕೊಂಡು ಹೋದ್ಲು, ಶಾಲೆಗೆ ರಜ ಅಲ್ವಾ... ರಜ ಇಲ್ವಾ? ಇವರ ಶಾಲೆಗೆ ಇದೆ.

ಈ ಮನೆ ಅವಳಿಗೆ ಒಗ್ಗಲಿಲ್ಲ ಅಂತೇನಿಲ್ಲ. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ. ನಾನು ಆಫೀಸಿನಿಂದ ಫೋನ್ ಮಾಡ್ತಿದ್ದೆ ನೋಡು, ಅದು ಅವಳಿಗೆ ಆಗ್ತಿರ್ಲಿಲ್ಲ. ಯಾವ ಕೋಣೇಲಿ ಎಷ್ಟು ಕರೆಂಟು ಹೋಗ್ತಿದೆ ಅಂತ ಪರದೆ ಮೇಲೆ ಕಾಣುತ್ತಲ್ಲ. ಸಂಜೆ ಹೊತ್ತು ಇಸ್ತ್ರಿ ಯಾಕೆ, ಬಿಸಿಲಿದ್ದಾಗ ಮಾಡ್ಬಾರ್ದಾ ಅಂದೆ. ಇಷ್ಟು ಹೊತ್ತು ಸ್ನಾನಾನಾ ಅಂದೆ. ಏನು ತಪ್ಪು ಹೇಳು? ಆಮೇಲಾಮೇಲೆ ಅವಳು ದೀಪ ಹಾಕದೆ ಕತ್ತಲಲ್ಲೇ ಕೂತಿರ್ತಿದ್ಲು. ನನಗೆ ಖುಷಿನೋ ಖುಷಿ ಕಣಮ್ಮ... ಪರದೆ ಮೇಲೆ ಕರೆಂಟಿನ ಗೆರೆ ಎಷ್ಟು ಕೆಳಗಿಳಿದಿದೆ ನೋಡಿ ಅಂತ ಆಫೀಸಿಗೆಲ್ಲ ತೋರಿಸ್ದೆ. ನಿನಗೂ ತೋರಿಸಿದ್ದೆ.

ಏನು? ಮಕ್ಕಳ ಕೋಣೆ ದೀಪಾನಾ? ಹೌದು, ದಿನಾ ಸಂಜೆ ಒಂದೇ ಹೊತ್ತಿಗೆ ಹತ್ತುತ್ತೆ, ಒಂದೇ ಹೊತ್ತಿಗೆ ಆರುತ್ತೆ. ಶಿಸ್ತು ಅಂದ್ರೆ ಅದು. ದೊಡ್ಡವಳು ಪುಟ್ಟನ್ನ ಎದುರಿಗೆ ಕೂರಿಸ್ಕೊಂಡು ಓದಿಸ್ತಾಳೆ.

ನಿನ್ನೆನಾ... ನಿನ್ನೆ ಸಂಜೆನೂ ಹತ್ತಿತ್ತಾ? ಹಾಗಾದ್ರೆ ಮೊನ್ನೆ ಅಲ್ಲ, ಇವತ್ತು ಬೆಳಗ್ಗೆ ಹೋದ್ರು. ತಲೆ ಕೆಟ್ಟಿದೆ, ಬಾಯಿಗೆ ಬಂದಿದ್ದು ಹೇಳ್ತಿದ್ದೀನಿ. ಎಲ್ಲಿಗೆ ಎದ್ದೆ? ನೀರು ಬೇಕಿದ್ರೆ ಇಲ್ಲೇ ಇದೆ... ಆ ಬಾಗಿಲು ಬೇಡ. ಒಳಗೆ ಎಲ್ಲ ಹರಡಿಕೊಂಡಿದೆ, ಮಕ್ಕಳ ಕೋಣೆ...

ತೆಗೆದ್ಯಾ.

ಮಂಚಗಳನ್ನ ಅವಳೇ ಲಾರಿ ತರಿಸಿ ಸಾಗಿಸಿದ್ಲು. ಹೋದ ಮಳೆಗಾಲಕ್ಕೆ ಮುಂಚೇನೇ. ಪುಟ್ಟ ತಾನು ಗೋಡೆಗೆ ಅಂಟಿಸಿದ್ದ ಚಿತ್ರ ಕೂಡ ಬಿಡದೆ ಕಿತ್ಕೊಂಡು ಹೋದ.

ಬೈಯೋದಾದ್ರೆ ಬೈ. ನಾನೇನು ಮಾಡ್ಲಿ ಹೇಳು? ನಾಲ್ಕು ಜನರ ಮನೇಲಿ ಒಬ್ಬನೇ ಇದ್ದೀನಿ ಅಂದ್ರೆ ಯೋಜನೆ ಬಿದ್ದುಹೋಗುತ್ತೆ. ನಾನೂ ಬೀಗ ಹಾಕ್ಕೊಂಡು ಹೊರಟ್ರೆ ಗೆರೆ ಸೊನ್ನೆಗೆ ಬರುತ್ತೆ. ಇರೋಕೂ ಆಗಲ್ಲ, ಬಿಡೋಕೂ ಆಗಲ್ಲ. ಖಾಲಿ ವಾಷಿಂಗ್ ಮೆಷಿನ್ ತಿರುಗಿಸ್ತೀನಿ. ನಾಲ್ಕು ಜನರ ಸ್ನಾನಕ್ಕೆ ನೀರು ಕಾಯಿಸಿ ಬಚ್ಚಲಿಗೆ ಸುರೀತೀನಿ... ಹಾಗೆ ನೋಡ್ಬೇಡಮ್ಮ. ಆ ಮುನ್ನೂರು ಮನೇಲಿ ಜನ ಇರೋಕಾಗುತ್ತಾ ಅಂತ ತಾನೆ ನಿನ್ನ ಪ್ರಶ್ನೆ? ಗೊತ್ತಿಲ್ಲ. ನನ್ನವರಿಗೆ ಆಗ್ಲಿಲ್ಲ. ನಾಳೆ ನಿನಗೆ ಏನು ಹೇಳ್ಬೇಕು ಅನ್ಸುತ್ತೋ ಅದನ್ನೇ ಹೇಳು, ನಾನು ಎದುರಾಡಲ್ಲ.

ಆದ್ರೆ ಆ ದೀಪ... ಅದನ್ನ ಯೋಜನೆಗೋಸ್ಕರ ಮಾಡಿದ್ದು ಅನ್ಕೋಬೇಡ. ಅದಕ್ಕೆ ಟೈಮರ್ ಹಾಕಿದ್ದೀನಿ. ಸಂಜೆ ನೀವೆಲ್ಲ ಹೊರಟ ಮೇಲೂ ಕೆಲಸ ಇದೆ ಅಂತ ನಾನೊಬ್ಬನೇ ಆಫೀಸಿನಲ್ಲಿ ಉಳ್ಕೋತೀನಲ್ಲ, ಕೆಲಸ ಏನೂ ಇರಲ್ಲ. ಆ ಹೊತ್ತಿಗೆ ಪರದೆ ಮೇಲೆ ಮಕ್ಕಳ ಕೋಣೆ ಗೆರೆ ಮೇಲೇಳುತ್ತೆ. ಬಂದ್ರು, ಓದೋಕೆ ಕೂತ್ರು ಅನ್ಸುತ್ತೆ. ಅದು ಆರೋವರೆಗೂ ನಾನು ಮನೆಗೆ ಬರಲ್ಲ.