ಡಬ್ಬಿಯಲ್ಲಿ ಇರದ ಆರನೇ ರೀಲು

ಇಲ್ಲ ಇಲ್ಲ, ಅದು ಹಾಗಲ್ಲ, ಆ ಹೆಂಗಸು ಕಾದಿರ್ತಾಳೆ. ದೋಣಿ ದಡಕ್ಕೆ ಬರುವಾಗ ಬಿಳಿ ವಸ್ತ್ರ ಬೀಸ್ತಾಳೆ, ಕ್ಯಾಪ್ಟನ್ ದೋಣಿ ನಿಲ್ಲುವವರೆಗೂ ತಾಳದೆ ನೀರಿಗೇ ಹಾರ್ತಾನೆ... ಎಂತ? ಮತ್ತೊಮ್ಮೆ ಹೇಳು ತನ್ವಿ. ಗವರ್ನರನನ್ನು ಮದುವೆ ಆಗಿದ್ದಾಳಾ? ಆ ಲ್ಯಾಪ್‌ಟಾಪ್ ಇಲ್ಲಿ ಕೊಡು ನೋಡುವ. ಕನ್ನಡಕ ಎಲ್ಲಿ... ಹೌದಲ್ಲ ಮಾರಾಯ್ತಿ! ಬೆರಳಲ್ಲಿ ಉಂಗುರ ಉಂಟು, ಪಕ್ಕದಲ್ಲಿ ಆ ದಪ್ಪ ಮೀಸೆಯವ ನಿಂತಿದ್ದಾನೆ. ಅಯ್ಯೋ ದೇವರೇ. ನಲವತ್ತು ವರ್ಷದ ಹತ್ತಿರ ಆಯ್ತು, ನಾನು ಈ ಸಿನಿಮಾದ ಕೊನೆ ನೋಡಿದವನೇ ಅಲ್ಲ. ಆದ್ರೆ ಹೇಳಿದ್ದೇನೆ. ಅರವತ್ತು ಜನರ ಎದುರು ನಿಂತು ಹೇಳಿದ್ದೇನೆ. ನಿಲ್ಲಿಸು ಅದನ್ನು, ಸ್ವಲ್ಪ ಹೊತ್ತು ನಿಲ್ಲಿಸು. ನಿಹಾಲ, ನೀನೂ ಅಜ್ಜನ ಹತ್ತಿರ ಬಾ, ಬಾಲ್ಕನಿಯಲ್ಲಿ ಕೂತು ದುಬೈ ಮೆಟ್ರೋ ಎಣಿಸಿದ್ದು ಸಾಕು.

ನಿಮ್ಮಪ್ಪ ಮೈಸೂರಿನವರಾದದ್ದರಿಂದ ಈ ಮನೆಯಲ್ಲಿ ಕನ್ನಡ, ಇಲ್ಲದಿದ್ರೆ ಇದನ್ನು ನಾನು ತುಳುವಿನಲ್ಲೇ ಹೇಳ್ತಿದ್ದೆ, ಯಾಕಂದ್ರೆ ನಡೆದದ್ದೆಲ್ಲ ತುಳುವಿನಲ್ಲಿ. ನಿನ್ನೆ ಅಬುಧಾಬಿಗೆ ಹೋಗಿದ್ದಾಗ ಅಲ್ ಮೀನಾದ ಮಾರ್ಕೆಟ್ಟಿನಲ್ಲಿ ಮೀನು ತಗೊಂಡೆವಲ್ಲ, ಬಂಗುಡೆ ಒಳ್ಳೇದಿಲ್ಲ ಅಂತ ಅಂಜಲ್ ತಗೊಂಡೆವಲ್ಲ, ಅಲ್ಲೇ ಎಲ್ಲೋ ಬಂದರಿನ ಬೇಲಿಯ ಆಚೆ ನಮ್ಮ ಕೆಲಸಗಾರರ ಕ್ಯಾಂಪ್ ಇತ್ತು. ನಾನು ಊರು ಬಿಟ್ಟು ಬಂದ ಮೊದಲ ಕೆಲಸ. ಟೈಮ್‌ಕೀಪರ್ ಅಂತ ಹೆಸರು, ಅಂದ್ರೆ ಯಾರು ಎಷ್ಟು ಗಂಟೆಗೆ ಕೆಲಸಕ್ಕೆ ಬಂದ, ಎಷ್ಟು ಗಂಟೆಗೆ ಹೋದ ಅಂತ ಬರೆಯುವವ. ಇಪ್ಪತ್ತೆರಡು ವರ್ಷ, ಪಿಯುಸಿ ಪಾಸು, ಇಂಗ್ಲಿಷ್ ಬರ್ತದೆ ಅಂತ ದೊಡ್ಡ ಗತ್ತು. ಒಂದು ಕ್ಯಾಬಿನ್ನಿನಲ್ಲಿ ಆರು ಜನ, ಮೇಲೆ ಮೂರು ಮಂಚ ಕೆಳಗೆ ಮೂರು. ನೀರು ಟ್ಯಾಂಕರಿನಲ್ಲಿ ಬರಬೇಕು, ಬಂದದ್ದೂ ಉಪ್ಪು. ಗಾಳಿ ಎದ್ದ ದಿವಸ ಅನ್ನ ಅಗಿದ್ರೆ ಹಲ್ಲಿನಲ್ಲಿ ಮರಳು ಕರಕರ ಅನ್ನೋದು. ನೀವು ಏಸಿ ಸ್ವಲ್ಪ ಕಮ್ಮಿ ಆದ್ರೆ ಕೂಗ್ತೀರಿ, ಇರಲಿ, ಅದು ಬೇರೆ ವಿಷಯ. ನಾನು ಹೇಳ್ಲಿಕ್ಕೆ ಹೊರಟದ್ದು ಐತಪ್ಪನದ್ದು.

ಐತಪ್ಪ ನಮ್ಮ ಕ್ಯಾಂಪಿನ ಬಡಗಿ, ಕಟಪಾಡಿ ಕಡೆಯವ. ನನಗಿಂತ ಐದಾರು ವರ್ಷ ದೊಡ್ಡವ, ನನ್ನ ಕೆಳಗಿನ ಮಂಚ ಅವನದ್ದು. ಕಮಲ ಅಂತ ಒಂದು ಹುಡುಗಿಯ ಜೊತೆ ನಿಶ್ಚಯ ಮಾಡ್ಕೊಂಡು, ಎರಡು ವರ್ಷದಲ್ಲಿ ಬರ್ತೇನೆ ಅಂತ ಹೇಳಿ ಬಂದಿದ್ದ. ಅವನಿಗೆ ಓದು ಬರಹ ಇಲ್ಲ. ಹಾಗಾಗಿ ಕಾಗದ ನಾನೇ ಬರೆಯೋದು. ಇಲ್ಲೇ ನೋಡಿ ನನ್ನ ಬುದ್ಧಿ ಕೆಟ್ಟದ್ದು. ಅವ ಹೇಳೋದು ತುಳುವಿನಲ್ಲಿ, ಕಾಗದಕ್ಕೆ ಕನ್ನಡ ಬೇಕು, ಯಾಕಂದ್ರೆ ತುಳುವಿನಲ್ಲಿ ಕಾಗದ ಬರೆಯುವ ಅಭ್ಯಾಸ ನಮಗೆ ಯಾರಿಗೂ ಇಲ್ಲ. ಕನ್ನಡ ಅಂದ್ರೆ ನನ್ನ ಕಿವಿಯಲ್ಲಿದ್ದದ್ದು ಯಾವುದು? ಯಕ್ಷಗಾನದ ಕನ್ನಡ. ಚಿಕ್ಕಂದಿನಿಂದ ಗದ್ದೆಯಲ್ಲಿ ಚಾಪೆ ಹಾಸಿ ಕೂತು ಕೇಳಿದ ಅರ್ಥಗಾರಿಕೆ. ಐತಪ್ಪ ಬೀಡಿ ಆರಿಸಿ ನಿಧಾನಕ್ಕೆ ಹೇಳ್ತಿದ್ದ, "ತೊಂಡೆ ಚಪ್ಪರ ಗಟ್ಟಿ ಉಂಟಾ ಕೇಳು. ನಾನು ಬರುವ ಮೊದಲು ಅವರ ಹಿತ್ತಲಲ್ಲಿ ಕಟ್ಟಿ ಕೊಟ್ಟದ್ದು. ಬಡಗು ದಿಕ್ಕಿನ ಕಂಬಕ್ಕೆ ಗೆದ್ದಲು ಹಿಡೀತದೆ, ನೋಡ್ಲಿಕ್ಕೆ ಹೇಳು." ನಾನು ಬರೆಯೋದು ಎಂತ? "ಪ್ರಾಣಪ್ರಿಯೆ, ನಿನ್ನ ಮುಖಚಂದ್ರನ ದರ್ಶನವಿಲ್ಲದೆ ಈ ಮರುಭೂಮಿಯಲ್ಲಿ ನನ್ನ ಹೃದಯಕಮಲವು ಬಾಡಿಹೋಗಿದೆ." ಕಮಲ ಅಂತ ಹೆಸರಲ್ವಾ, ಹೃದಯಕಮಲ ಸರಿಯಾಗಿ ಕೂತಿತು ಅಂತ ನನಗೆ ಒಳಗೊಳಗೇ ಖುಷಿ. ತೊಂಡೆ ಚಪ್ಪರ ಇಂಥ ಕಾಗದದಲ್ಲಿ ಚಂದ ಕಾಣೋದಿಲ್ಲ ಅಂತ ಬಿಟ್ಟುಬಿಟ್ಟೆ. ಓದಿ ಹೇಳು ಅಂದ್ರೆ ಅವನಿಗೆ ತುಳುವಿನಲ್ಲಿ ಅವ ಹೇಳಿದ್ದನ್ನೇ ತಿರುಗಿ ಹೇಳ್ತಿದ್ದೆ. ನಗಬೇಡ ತನ್ವಿ.

ಮೊದಮೊದಲು ಉತ್ತರ ಬರ್ತಿತ್ತು. ಆಮೇಲೆ ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಹತ್ತು ತಿಂಗಳು ಮಾಫಿ, ಏನೂ ಇಲ್ಲ. ಪ್ರತಿ ಸಲ ಟಪಾಲಿನ ಚೀಲ ಬಂದಾಗ ಐತಪ್ಪ ಬಂದು ಬಾಗಿಲಲ್ಲಿ ನಿಲ್ಲೋದು, ನಾನು ತಲೆ ಅಲ್ಲಾಡಿಸೋದು, ಅವ ಹೋಗೋದು. ಕೇಳೋದೂ ಇಲ್ಲ, ನಿಲ್ಲೋದು ಮಾತ್ರ. ಅಷ್ಟರಲ್ಲಿ ಅವನ ಎರಡು ವರ್ಷ ಮುಗೀತಾ ಬಂತು. ಆಫೀಸಿನಿಂದ ಹೇಳಿಕೆ ಬಂತು, ಇನ್ನೆರಡು ವರ್ಷಕ್ಕೆ ಇರುವವರು ಶನಿವಾರ ಬೆಳಿಗ್ಗೆ ಸಹಿ ಹಾಕಬೇಕು, ಇಲ್ಲದವರು ಪಾಸ್‌ಪೋರ್ಟ್ ತಗೊಂಡು ಊರಿಗೆ ಹೋಗಬಹುದು. ಗುರುವಾರ ಮಂಚದಲ್ಲಿ ಕೂತು ನನಗೆ ಹೇಳಿದ, "ನಾನು ಹೆಬ್ಬೆಟ್ಟು ಒತ್ತುತ್ತೇನೆ ಮಾರಾಯ. ಅವಳಿಗೆ ಬೇರೆ ಕಡೆ ಆಗಿರಬೇಕು. ಹೋಗಿ ಅದನ್ನು ಕಣ್ಣಾರೆ ನೋಡೋದಕ್ಕಿಂತ ಇಲ್ಲೇ ಇರೋದು ವಾಸಿ." 

ಮರುದಿನ ಶುಕ್ರವಾರ, ಸಿನಿಮಾದ ದಿವಸ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಆಫೀಸಿನಿಂದ ಪಿಕಪ್ಪಿನಲ್ಲಿ ರೀಲಿನ ಪೆಟ್ಟಿಗೆ ಬರೋದು. ಊಟ ಆದ ಮೇಲೆ ಮೆಸ್ಸಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿ, ನಡುವೆ ಒಂದು ಬಿಳಿ ಹಾಸು ಪರದೆಯ ಹಾಗೆ ಎಳೆದು ಕಟ್ಟೋದು. ಆ ಹಾಸಿನ ಮರದ ಚೌಕಟ್ಟು ಐತಪ್ಪನೇ ಮಾಡಿದ್ದು. ಕೂಲರಿನ ಗಾಳಿಗೆ ಅದು ಅಲ್ಲಾಡ್ತದೆ ಅಂತ ಅವ ಯಾವಾಗಲೂ ಹಾಸಿನ ಹಿಂದೆ ಕೂತು ಚೌಕಟ್ಟು ಹಿಡ್ಕೊಳ್ಳೋದು. ಹಿಂದಿನಿಂದ ಎಡ ಬಲ ಅದಲುಬದಲು ಕಾಣ್ತದಲ್ಲ, ಹಾಗಾಗಿ ಅವ ನೋಡಿದ ಸಿನಿಮಾದಲ್ಲೆಲ್ಲ ಕತ್ತಿ ಎಡಗೈಯಲ್ಲಿ! ಸಿನಿಮಾ ಆರಿಸೋದು ಕ್ಯಾಂಪ್ ಬಾಸ್, ಬಿಳಿಯ, ಅದಕ್ಕೇ ಎಲ್ಲ ಇಂಗ್ಲಿಷು. ನಮ್ಮವರಿಗೆ ಅರ್ಥ ಆಗಬೇಕಲ್ಲ? ಹಾಸಿನ ಪಕ್ಕ ನಿಂತು ನಾನು ಅರ್ಥ ಹೇಳೋದು. ಹಿಂದಿ, ಕನ್ನಡ, ತುಳು, ಯಾವುದು ಬಾಯಿಗೆ ಬರ್ತದೋ ಅದು. ಕ್ಯಾಪ್ಟನ್ ಒಂದು ಮಾತು ಆಡಿದ್ರೆ ನಾನು ಹತ್ತು. "ಎಲೈ ಗವರ್ನರನೇ, ನನ್ನ ಖಡ್ಗದ ರುಚಿ ಇನ್ನೂ ಕಂಡಿಲ್ಲವೇ ನೀನು!" ಜನ ಶಿಳ್ಳೆ ಹೊಡೆಯೋದು. "ಹೇ ಟೈಮ್‌ಕೀಪರ್, ಅವನ ಬಾಯಿ ಮುಚ್ಚಿ ಎಷ್ಟು ಹೊತ್ತಾಯ್ತು, ನಿನ್ನದು ಮುಚ್ಚಲಿಲ್ಲವಾ" ಅಂತ ಒಬ್ಬ ಕೂಗೋದು.

ಆ ದಿವಸ ಬಂದದ್ದು ಇದೇ ಸಿನಿಮಾ. ಆಗಲೇ ಹಳೇದು, ನನಗಿಂತ ಹಿರಿಯದು. ಯಾವುದೋ ರಾಜನ ಕಾಲ, ಯುದ್ಧ, ಹಡಗು, ಕ್ಯಾಪ್ಟನ್‌ಗೆ ಬಂದರಿನ ಊರಿನಲ್ಲಿ ಒಬ್ಬಳು ನಿಶ್ಚಯ ಆದ ಹುಡುಗಿ. ಅವ ಶತ್ರುಗಳ ಕೈಗೆ ಸಿಕ್ಕಿ ಏಳು ವರ್ಷ ಸೆರೆ. ಐದನೇ ರೀಲಿನ ಕೊನೆಗೆ ತಪ್ಪಿಸ್ಕೊಂಡು ಬರ್ತಾನೆ, ಸಣ್ಣ ದೋಣಿ, ದೂರದಲ್ಲಿ ದಡ, ದಡದಲ್ಲಿ ಯಾರೋ ನಿಂತ ಹಾಗೆ... ಹಾಸು ಬೆಳ್ಳಗಾಯ್ತು. ಪೆಟ್ಟಿಗೆಯಲ್ಲಿ ನೋಡಿದ್ರೆ ಐದೇ ಡಬ್ಬಿ. ಆರನೇ ಡಬ್ಬಿಯ ಜಾಗ ಖಾಲಿ. ಬಾಸ್ ಕೈ ಕೊಡವಿ "ಖಲಾಸ್" ಅಂತ ಎದ್ದು ಹೋದ. ಜನ ಬೊಬ್ಬೆ ಹಾಕಿದ್ರು, ಬೆಂಚು ಬಡಿದ್ರು. ಅಷ್ಟರಲ್ಲಿ ಹಾಸಿನ ಹಿಂದಿನಿಂದ ಒಂದು ಸ್ವರ. ಜೋರಿಲ್ಲ. "ಅವಳು ಕಾದಿದ್ದಾಳಾ, ಇಲ್ವಾ?"

ಎಲ್ಲರೂ ಹಾಸಿನ ಕಡೆ ತಿರುಗಿದ್ರು. ಐತಪ್ಪ ಯಾರ ವಿಷಯ ಕೇಳ್ತಿದ್ದಾನೆ ಅಂತ ನನಗೆ ಗೊತ್ತಿಲ್ವಾ? ಪೆಟ್ಟಿಗೆಯ ಜೊತೆ ಒಂದು ಹಾಳೆ ಬಂದಿತ್ತು, ಅದನ್ನು ತೆಗೆದು ಎತ್ತಿ ಹಿಡಿದೆ. "ಕಡೆಯ ಭಾಗದ ಕಥೆ ಇದರಲ್ಲಿ ಬರೆದು ಕಳಿಸಿದ್ದಾರೆ, ಕೂತ್ಕೊಳ್ಳಿ" ಅಂದೆ. ಸುಳ್ಳು. ಅದರಲ್ಲಿದ್ದದ್ದು ಡಬ್ಬಿಗಳ ಪಟ್ಟಿ. ಪ್ರೊಜೆಕ್ಟರಿನ ಬರೀ ಬೆಳಕಿನಲ್ಲಿ ನಿಂತು ಅರ್ಧ ಗಂಟೆ ಓದಿದೆ, ಓದಿದ ಹಾಗೆ ಹೇಳಿದೆ. ಬಿಳಿ ವಸ್ತ್ರ ನಾನು ಹಾಕಿದ್ದು. ನೀರಿಗೆ ಹಾರಿಸಿದ್ದು ನಾನು. ಏಳು ವರ್ಷವೂ ಅವಳು ದಿನಾ ಸಂಜೆ ದೀಪಸ್ತಂಭದ ಹತ್ತಿರ ಬಂದು ನಿಲ್ತಿದ್ದಳು ಅಂದೆ. ಮುಗಿಯುವಾಗ ಅಡುಗೆಯವನ ಕಣ್ಣಲ್ಲಿ ನೀರು. ಹಾಸಿನ ಹಿಂದೆ ಐತಪ್ಪ ಆಗಲೇ ಚೌಕಟ್ಟು ಬಿಚ್ಚುತ್ತಿದ್ದ.

ಶನಿವಾರ ಬೆಳಿಗ್ಗೆ ಐತಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ಊರಿಗೆ ಹೋಗ್ತೇನೆ, ಪಾಸ್‌ಪೋರ್ಟ್ ಕೊಡಿ ಅಂದ. ಆ ವಾರ ಇಡೀ ನನಗೆ ಅನ್ನ ಇಳಿಯಲಿಲ್ಲ ಮಕ್ಕಳೇ. ಇದ್ದ ಕೆಲಸ ಬಿಟ್ಟು ಒಬ್ಬ ಮನುಷ್ಯ ನನ್ನ ಬಾಯಿಯ ಮಾತು ನಂಬಿ ಹೊರಟಿದ್ದಾನೆ, ಅಲ್ಲಿ ಅವಳಿಗೆ ಮದುವೆ ಆಗಿ ಮಗು ಇದ್ರೆ? ಊರಿನವರ ಎದುರು ಅವನ ಮುಖ ಎಲ್ಲಿ ಇಟ್ಕೊಳ್ಳೋದು? ಹೊರಡುವ ದಿವಸ ಪಿಕಪ್ ಬಂತು, ಡ್ರೈವರ್ "ಯಲ್ಲಾ ಯಲ್ಲಾ" ಅಂತ ಹಾರನ್ ಹೊಡೀತಿದ್ದ. ನಾನು ಅವನ ಪೆಟ್ಟಿಗೆ ಹಿಡ್ಕೊಂಡೇ ನಿಂತೆ. "ಐತಪ್ಪಣ್ಣ, ಆ ಸಿನಿಮಾದ್ದು..." ಅಂದೆ. ಅವ ನನ್ನ ಕೈಯಿಂದ ಪೆಟ್ಟಿಗೆ ಬಿಡಿಸ್ಕೊಂಡ. "ಗೊತ್ತುಂಟು," ಅಂದ. "ನಾನು ಹಿಂದೆ ಕೂತಿದ್ದೆ ಅಲ್ವಾ. ಬೆಳಕು ನೇರ ಹಾಳೆಗೆ ಬೀಳ್ತಿತ್ತು, ಹಾಸಿನ ಅಂಚಿನಿಂದ ನೋಡಿದ್ರೆ ಹಾಳೆಯ ಸಾಲೆಲ್ಲ ನನಗೆ ಹಿಂದಿನಿಂದ ಕಾಣ್ತಿತ್ತು. ಓದ್ಲಿಕ್ಕೆ ಬರೋದಿಲ್ಲ, ಸಾಲು ಎಣಿಸ್ಲಿಕ್ಕೆ ಬರ್ತದೆ. ಆರೇ ಸಾಲು. ಆರು ಸಾಲನ್ನು ಅರ್ಧ ಗಂಟೆ ಓದ್ತೀಯಲ್ಲ, ನೀನು ಭಾರೀ ಜನ!" ನನಗೆ ನಾಚಿಕೆಯಾಗಿ ಬೆವರಿತು. "ಮತ್ತೆ ಯಾಕೆ ಹೋಗ್ತೀ?" ಅಂದೆ. ಅವ ಪಿಕಪ್ ಹತ್ತಿ ಕೂತು ಹೇಳಿದ, "ನಿನಗೂ ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ. ಯಾರಿಗೂ ಗೊತ್ತಿಲ್ಲದ್ದಕ್ಕೆ ನಾನು ಯಾಕೆ ಹೆಬ್ಬೆಟ್ಟು ಒತ್ತೋದು? ಕಡೇ ರೀಲು ನಾನೇ ಹೋಗಿ ನೋಡ್ತೇನೆ."

ನಾಲ್ಕು ತಿಂಗಳು ಸುದ್ದಿ ಇಲ್ಲ. ಈ ಸಲ ಟಪಾಲಿನ ಚೀಲದ ಹತ್ತಿರ ಹೋಗಿ ನಿಲ್ಲುವವ ನಾನು. ಆಮೇಲೆ ಬಂತು ಒಂದು ಕಾಗದ, ನನ್ನ ಹೆಸರಿಗೆ, ಹೆಂಗಸಿನ ಅಕ್ಷರ. ಸ್ಟೋರ್ ರೂಮಿಗೆ ಹೋಗಿ ಸಿಮೆಂಟ್ ಚೀಲದ ಮೇಲೆ ಕೂತು ಓದಿದೆ. ಇವತ್ತಿಗೂ ಬಾಯಿಪಾಠ ಉಂಟು. "ನಾನು ಕಮಲ ಬರೆಯುವುದು. ನಮ್ಮ ಮದುವೆ ಆಯಿತು. ಇವರು ಬಂದಾಗ ಎಂಟು ದಿನ ನಾನು ಮಾತಾಡಲಿಲ್ಲ. ಆಮೇಲೆ ಕಾಗದಗಳನ್ನು ಇವರಿಗೆ ಓದಿ ಹೇಳಿದಾಗ ಗೊತ್ತಾಯಿತು, ಅಕ್ಷರ ಮಾತ್ರ ಅಲ್ಲ, ಮಾತೂ ನಿಮ್ಮದು ಎಂದು. ನಿಮ್ಮ ಕಾಗದ ಚಂದ ಇತ್ತು ಅಣ್ಣಾ. ಆದರೆ ಯಾರೋ ರಾಜಕುಮಾರ ಬರೆದ ಹಾಗೆ ಇತ್ತು. ಅಷ್ಟು ಕಾಗದದಲ್ಲಿ ಒಮ್ಮೆಯೂ ತೊಂಡೆ ಚಪ್ಪರದ ಸುದ್ದಿ ಇಲ್ಲ. ಚಪ್ಪರದ ಕಂಬ ಕೇಳದವರು ಇವರಲ್ಲ, ದುಬೈ ಅಬುಧಾಬಿ ಕಂಡು ಮನುಷ್ಯ ಬದಲಾದರು ಎಂದುಕೊಂಡೆ. ಬದಲಾದವರಿಗೆ ನಾನು ಏನೆಂದು ಉತ್ತರ ಬರೆಯುವುದು?" ಕೊನೆಗೆ ಒಂದು ಸಾಲು: "ಬಡಗಿನ ಕಂಬಕ್ಕೆ ಗೆದ್ದಲು ಹಿಡಿದಿತ್ತು. ಇವರು ಬಂದು ಬೇರೆ ಹಾಕಿದರು."

ತನ್ವಿ, ಈ ಸಿನಿಮಾದ ಬಗ್ಗೆ ನೀನು ಈಗ ಲ್ಯಾಪ್‌ಟಾಪಿನಲ್ಲಿ ಓದಿದ್ದು ಎಂತ, ಮತ್ತೊಮ್ಮೆ ಓದು. ಅದರ ಡೈರೆಕ್ಟರಿಗೂ ಪ್ರೊಡ್ಯೂಸರಿಗೂ ಜಗಳ ಆಗಿತ್ತಾ? ಒಬ್ಬ ಅವಳು ಕಾಯಲಿ ಅಂದ, ಮತ್ತೊಬ್ಬ ಬೇಡ ಅಂದ, ಎರಡೂ ತೆಗೆದ್ರಾ? ಹೌದಾ! ಅಂದ್ರೆ ಅಷ್ಟು ಹಡಗು ಕಟ್ಟಿಸಿ, ಅಷ್ಟು ಕುದುರೆ ತಂದು, ಅಷ್ಟು ವೇಷ ಹೊಲಿಸಿದವರಿಗೂ ಅವಳು ಕಾಯ್ತಾಳಾ ಇಲ್ವಾ ಅಂತ ಗೊತ್ತಿರಲಿಲ್ಲ. ಹಾಗಾದ್ರೆ ಅವರು ಕತ್ತರಿಸಿ ಬಿಸಾಡಿದ ರೀಲನ್ನೇ ನಾನು ಆ ದಿವಸ ಹೇಳಿದ್ದು. ಎಂತ ಹೇಳಿದೆ ನಿಹಾಲ? "ದಟ್ಸ್ ಸ್ಟಿಲ್ ಚೀಟಿಂಗ್ ಅಜ್ಜ" ಅಂತಾ? ಹೌದು ಮಗಾ, ಚೀಟಿಂಗೇ. ಸಿನಿಮಾದ್ದಕ್ಕೆ ನನಗೆ ಅಷ್ಟು ಬೇಸರ ಇಲ್ಲ, ಅದು ಅವನಿಗೂ ಗೊತ್ತಿತ್ತಲ್ಲ. ಕಾಗದದ್ದು ಮಾತ್ರ ಈಗಲೂ ಚುಚ್ಚುತ್ತದೆ. ಪಾಪ, ಹತ್ತು ತಿಂಗಳು ಅವ ಬಾಗಿಲಲ್ಲಿ ನಿಂತದ್ದು ನನ್ನ ಹೃದಯಕಮಲದ ದೆಸೆಯಿಂದ. ಅದಕ್ಕೇ ಹೇಳೋದು, ಯಾರಾದ್ರೂ ನಿಮ್ಮ ಕೈಯಲ್ಲಿ ಏನಾದ್ರೂ ಬರೆಸಿದ್ರೆ, ತೊಂಡೆ ಅಂದ್ರೆ ತೊಂಡೆ ಅಂತಲೇ ಬರೀರಿ. ಏಳಿ ಈಗ, ಅಂಜಲ್ ಸಾರು ಆರ್ತಾ ಉಂಟು.