ಹದಿನೈದು ಸ್ಟೋನಿನ ಅಟ್ಟಣೆ

ಬೇಡ ಬೇಡ, ಆ ಬೋಲ್ಟು ಈಗಲೇ ಬಿಗೀಬೇಡ ಶ್ರೀರಾಮ! ಮೊದಲು ಎಲ್ಲಾನೂ ಸಡಿಲವಾಗಿ ಕೂರಿಸ್ಕೊಂಡು, ಆಮೇಲೆ ಒಂದೇ ಸಲ ಬಿಗಿಯೋದು. ಪುಸ್ತಕದಲ್ಲಿ ಹಾಗೇ ಐತೆ. ಓದಿದೀನಿ ನಾನು, ಮೂರು ಸಲ. ಏನು, ನಗ್ತೀಯಾ? ಈ ನಾಸಿರ್ ಯಾವತ್ತಾದ್ರೂ ಸಾಮಾನಿನ ಜೊತೆ ಬರೋ ಪುಸ್ತಕ ಓದಿದ್ದುಂಟಾ ಅಂತ ತಾನೆ? ಓದಿದೀನಿ ಗುರು. ಹನ್ನೆರಡು ಅಡಿ ಮೇಲಿಂದ ಬಿದ್ದ ಮೇಲೆ ಶಾಂಪೂ ಬಾಟ್ಲಿ ಮೇಲಿರೋದನ್ನೂ ಓದ್ತೀನಿ.

ಮೆಲ್ಲಗೆ ಮಾತಾಡು, ಜುವೇರಿಯಾ ಒಳಗೆ ಮೀಟಿಂಗಲ್ಲಿದಾಳೆ... ಅಯ್ಯೋ, ಕೂಗಾಡ್ತಿರೋನು ನಾನೇ ಅಲ್ವಾ! ನೀನು ಬಂದಾಗಿಂದ ಬಾಯೇ ಬಿಟ್ಟಿಲ್ಲ. ಯಾಕೋ? ಲಸಿಕೆ ಎರಡನೇ ಡೋಸಿನ ಕೈನೋವು ಇನ್ನೂ ಹೋಗಿಲ್ವಾ? ಸರಿ, ಆ ಏಣಿ ಕಡೆಯದನ್ನು ಇತ್ತ ಕೊಡು. ಎರಡೂ ಕೈಯಲ್ಲಿ ಹಿಡಿ! ಭಾರ ಐತೆ. ಭಾರ ಇರ್ಲಿ ಅಂತಾನೇ ತರಿಸಿದ್ದು.

ಗೊತ್ತಾ, ಮರಕ್ಕೆ ಕಟ್ಟಿ ಮೇಲೆ ಕೂರೋ ಈ ಅಟ್ಟಣೆಗೆ ಎರಡು ತಿಂಗಳು ಹುಡುಕಿದೀನಿ. ಎರಡು ತಿಂಗಳು! ಜುವೇರಿಯಾನ ಹೆಣ್ಣು ನೋಡಿ ಮದುವೆಯಾಗೋಕೂ ಅಷ್ಟು ದಿನ ಹಿಡೀಲಿಲ್ಲ. ಅಂಗಡಿಗೆ ಫೋನ್ ಮಾಡಿದ್ರೆ ಆ ಹುಡುಗಿ ಅಂತಾಳೆ, ಹಗುರ ಅಲ್ಯುಮಿನಿಯಮ್ಮಿಂದು ಐತೆ ಸಾರ್, ಬೆನ್ನಿಗೆ ಹಾಕ್ಕೊಂಡು ಹೋಗಬಹುದು, ಜಿಂಕೆ ಬೇಟೆಯವರೆಲ್ಲಾ ಅದನ್ನೇ ಒಯ್ತಾರೆ. ಎಷ್ಟು ತೂಕ ತಡೆಯತ್ತಮ್ಮಾ ಅಂದೆ. ನೂರಾ ಮೂವತ್ತಾರು ಕಿಲೋ. ಸರಿಯಾಗೇ ಐತಲ್ಲ ಅನ್ಸುತ್ತೆ ಅಲ್ವಾ? ಅಲ್ಲೇ ಎಡವೋದು! ಆ ನೂರಾ ಮೂವತ್ತಾರರ ಒಳಗೆ ನಾನೊಬ್ಬನೇ ಅಲ್ಲ ಕಣೋ. ರೈಫಲ್ಲು, ಬೂಟು, ಚೀಲ, ಫ್ಲಾಸ್ಕು, ಮಳೇಲಿ ನೆಂದ ಜಾಕೆಟ್ಟು, ಎಲ್ಲಾ ಸೇರಿಸಿ ಲೆಕ್ಕ. ಮೇಲೆ ಇನ್ನೊಂದಷ್ಟು ಮಿಗಬೇಕು. ಬೇಡಮ್ಮಾ ಅಂತ ಫೋನ್ ಇಟ್ಟೆ. ಇದು ನೋಡು, ಇಬ್ಬರು ಕೂರೋ ಅಟ್ಟಣೆ. ಪೂರಾ ಉಕ್ಕು. ಇನ್ನೂರಾ ಇಪ್ಪತ್ತು ಕಿಲೋ! ಇಬ್ಬರ ಸೀಟಲ್ಲಿ ನಾನೊಬ್ಬನೇ ಕೂರ್ತೀನಿ. ಮಹಾರಾಜನ ಥರ. ಯಾರೇನು ಕೇಳ್ತಾರೆ?

ಈ ಅಡ್ಡಪಟ್ಟಿ ನೋಡಿದ್ಯಾ? ಏಣಿ ಮಧ್ಯದಿಂದ ಹೋಗಿ ಮರದ ಕಾಂಡಕ್ಕೆ ಒತ್ತಿ ನಿಲ್ಲತ್ತೆ, ಅದರಿಂದ ಏಣಿ ಬಳುಕಲ್ಲ. ಕಟ್ಟೋ ಪಟ್ಟಿಗಳನ್ನ ವರ್ಷಕ್ಕೊಂದು ಸಲ ಬದಲಾಯಿಸ್ತೀನಿ, ಬಿಸಿಲು ಮಳೆಗೆ ನೂಲು ಸತ್ತು ಹೋಗತ್ತೆ. ಮರ ಹಸಿಯಾಗಿ ಬದುಕಿರಬೇಕು. ಆಶ್ ಮರ ಮಾತ್ರ ಬೇಡವೇ ಬೇಡ, ಈ ದೇಶದ ಆಶ್ ಮರಕ್ಕೆಲ್ಲಾ ರೋಗ ಬಂದು ಒಳಗೇ ಒಣಗಿ ನಿಂತವೆ. ಇನ್ನು ಹಾರ್ನೆಸ್ಸು... ಆ ನೀಲಿ ಚೀಲದಲ್ಲಿ ಐತೆ, ತೆಗಿ. ಅದು ಬೇರೆ ಕಂಪ್ನಿದು. ದಪ್ಪನೋರಿಗೆ ಅಂತಾನೇ ಹೊಲಿದದ್ದು, ಭುಜ, ಎದೆ, ತೊಡೆ ಎಲ್ಲಾ ಹಿಡಿಯತ್ತೆ. ನೆಲದಿಂದಲೇ ಹಗ್ಗಕ್ಕೆ ಸಿಕ್ಕಿಸ್ಕೊಂಡು ಹತ್ತೋದು, ಇಳಿದು ನೆಲ ಮುಟ್ಟಿದ ಮೇಲೆ ಬಿಚ್ಚೋದು. ಮಧ್ಯದಲ್ಲಿ ಒಂದು ಕ್ಷಣವೂ ಬಿಚ್ಚಲ್ಲ.

ಏನು ಹಾಗೆ ನೋಡ್ತೀಯಾ? ನನ್ನ ತೂಕ ಕೇಳಬೇಕಾ? ಕೇಳು! ನೂರಾ ಮೂವತ್ತನಾಲ್ಕು. ನೂರಾ... ಮೂವತ್ತ... ನಾಲ್ಕು! ಬೇಕಾದ್ರೆ ಗೇಟಿಗೆ ಬೋರ್ಡ್ ಹಾಕಿಸ್ತೀನಿ. ನನಗೇನು ನಾಚಿಕೆ ಇಲ್ಲ.

ನಾಚಿಕೆ ಪಟ್ಟಿದ್ದು ಸಾಕು ಕಣೋ. ಬೆಂಗಳೂರಲ್ಲಿ ಸ್ಕೂಲ್ ಫೋಟೋ ತೆಗೆಯೋವಾಗ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಿರಲಿಲ್ಲ, ಗೊತ್ತಾ? ಬೆಂಚು ಮುರಿಯತ್ತೆ ಅಂತ ಕೊನೇಲಿ, ನೆಲದ ಮೇಲೆ, ಮೇಷ್ಟ್ರ ಪಕ್ಕ. ಆಟೋದಲ್ಲಿ ಮೂರನೆಯವನಾಗಿ ನನ್ನ ಯಾರೂ ಹತ್ತಿಸ್ಕೊಳ್ತಿರಲಿಲ್ಲ. ಇಲ್ಲಿಗೆ ಬರೋ ವಿಮಾನದಲ್ಲಿ ಸೀಟ್ ಬೆಲ್ಟ್ ಸಾಲದೆ ಇನ್ನೊಂದು ತುಂಡು ಕೊಡಿ ಅಂತ ಕೇಳಿದ್ರೆ, ಗಗನಸಖಿ ಅದನ್ನ ಎತ್ತಿ ಹಿಡ್ಕೊಂಡು ನಡುದಾರಿ ತುಂಬ ಮೆರವಣಿಗೆ ಮಾಡ್ಕೊಂಡು ಬಂದ್ಲು! ಕೊರೋನಾ ಬಂತು ನೋಡು, ಆಗಂತೂ ಟೀವಿ ಹಚ್ಚಿದ್ರೆ ನಾನೇ. ದಪ್ಪಗಿರೋರು ಹುಷಾರು, ದಪ್ಪಗಿರೋರು ಹುಷಾರು. ಲೆಪರ್ಡ್ಸ್‌ಟೌನಿನ ಆಫೀಸಿಂದ ಮ್ಯಾನೇಜರ್ ವಿಡಿಯೋ ಕಾಲಲ್ಲಿ ಎಲ್ಲರೆದುರಿಗೇ ಕೇಳ್ತಾನೆ, ನಾಸಿರ್, ನೀನು ಹೈ ರಿಸ್ಕ್ ತಾನೆ ಅಂತ. ಹನ್ನೆರಡು ಜನ ಚೌಕಟ್ಟಿನೊಳಗಿಂದ ನನ್ನೇ ನೋಡ್ತಿದಾರೆ. ಇಲ್ಲಿಯವರ ಥರಾನೇ ಐಯಾಮ್ ಗ್ರ್ಯಾಂಡ್, ಚೆನ್ನಾಗೇ ಇದೀನಿ ಅಂದೆ. ಇನ್ನೇನು ಅನ್ನಲಿ?

ಅದಕ್ಕೇ ಹೇಳೋದು, ಈ ಬೇಟೆ ಅನ್ನೋದು ನನ್ನನ್ನ ಉಳಿಸ್ತು. ನೀನು ಮೊಟ್ಟೇನೂ ತಿನ್ನೋನಲ್ಲ, ನಿನಗೆ ರುಚಿಸಲ್ಲ, ಗೊತ್ತು. ಆದ್ರೂ ನನ್ನ ಜೊತೆ ಬರ್ತಿದ್ಯಲ್ಲ, ಏಣಿ ಹಿಡಿಯೋಕೆ. ನಿನಗಾದ್ರೂ ಆ ಕೊರೋನಾ ವರ್ಷ ಇನ್ಯಾರಿದ್ರು? ಈ ಪರದೇಶದ ಕಿಲ್ಕೆನ್ನಿಯಲ್ಲಿ ಕನ್ನಡ ಮಾತಾಡೋಕೆ ನಿನಗೆ ನಾನು, ನನಗೆ ನೀನು.

ಹೇಗೆ ಶುರುವಾಯ್ತು ಅಂತ ನೆನಪೈತಾ? ಎದುರು ಮನೆ ಡೆಕ್ಲನ್. ಎಪ್ಪತ್ತೆರಡು ವಯಸ್ಸು, ಹೆಂಡತಿ ಇಲ್ಲ. ಒಂದು ದಿನ ಬೇಲಿ ಆಚೆಯಿಂದ ಕೂಗಿದ್ರು, ನಾಸಿರ್, ಜಿಂಕೆ ಬಂದು ನನ್ನ ಎಳೇ ಗಿಡಗಳ ತೊಗಟೆ ಎಲ್ಲಾ ತಿಂದು ಹಾಕ್ತಿವೆ, ಕಣ್ಣು ಸರಿಯಾಗಿ ಕಾಣಲ್ಲ ನನಗೆ, ನೀನು ಕಲೀತೀಯಾ ಅಂತ. ನಾನಾ? ನಾನು ನಕ್ಕುಬಿಟ್ಟೆ. ಓಡೋಕಾಗಲ್ಲ ಡೆಕ್ಲನ್ ನನಗೆ ಅಂದೆ. ಅವರು ಏನಂದ್ರು ಗೊತ್ತಾ? ಓಡೋರು ಬೇಡಪ್ಪಾ, ಅಲ್ಲಾಡದೆ ಕೂರೋರು ಬೇಕು.

ಅಲ್ಲಾಡದೆ ಕೂರೋರು! ನಲವತ್ತನಾಲ್ಕು ವರ್ಷದಲ್ಲಿ ಒಬ್ಬರಾದ್ರೂ ನನಗೆ ಆ ಮಾತು ಅಂದಿದ್ರಾ? ತರಬೇತಿ ಮಾಡ್ದೆ, ಪರೀಕ್ಷೆ ಬರೆದೆ, ಗಾರ್ಡಾ, ಅಂದ್ರೆ ಇಲ್ಲಿಯ ಪೊಲೀಸಿನವರು ಮನೆಗೆ ಬಂದು ಗನ್ನಿಡೋ ಕಬ್ಬಿಣದ ಬೀರು ನೋಡ್ಕೊಂಡು ಹೋದ್ರು, ಲೈಸೆನ್ಸ್ ಬಂತು. ಕಾಗದದ ಗುರೀಗೆ ನೂರು ಗಜದಲ್ಲಿ ಮೂರು ಗುಂಡು, ಮೂರೂ ಒಂದು ಅಂಗೈ ಒಳಗೆ. ಡೆಕ್ಲನ್ ಟೋಪಿ ತೆಗೆದುಬಿಟ್ರು! ಬಿಸ್ಮಿಲ್ಲಾ ಅಂತ ಹೇಳಿ ಹೊಡೀಬೇಕು ನಾನು ಅಂದಿದ್ದಕ್ಕೆ, ಹೇಳಪ್ಪಾ, ಜಿಂಕೆಗೆ ಕೇಳದ ಹಾಗೆ ಹೇಳು ಅಂದ್ರು.

ಆಮೇಲೆ... ಆಮೇಲೆ ಏನಾಯ್ತು ಅಂತ ನಿನಗೆ ಗೊತ್ತಲ್ಲ. ಹೋದ ಸೆಪ್ಟೆಂಬರ್. ಮೊದಲನೇ ದಿನವೇ. ಹಲಗೆ ಮುರೀತು, ಬಿದ್ದೆ. ಕಣಕಾಲಿಗೆ ಒಂದು ಪ್ಲೇಟು, ಏಳು ಸ್ಕ್ರೂ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಯಾರೂ ನೋಡೋಕೆ ಬರೋ ಹಾಗಿಲ್ಲ, ಜುವೇರಿಯಾ ಕಾರ್ ಪಾರ್ಕಲ್ಲಿ ನಿಂತು ಕೈ ಬೀಸೋಳು. ಡೆಕ್ಲನ್ ಅವರ ಹಳೇ ಮರದ ಅಟ್ಟಣೆ ಅದು, ಹಲಗೆ ಕೊಳೆತಿತ್ತು. ಮಳೆ ದೇಶ. ಇನ್ನೇನಾಗತ್ತೆ ಮತ್ತೆ?

ಅದೆಲ್ಲಾ ಬಿಡು. ಮುಂದಿನ ಬುಧವಾರ ಸೀಸನ್ ಶುರು. ಈಗ ಇರೋದು ಒಂದೇ ಕೆಲಸ, ಇದನ್ನ ತಮ್ಮ ಕಾಡಲ್ಲಿ ನಿಲ್ಲಿಸೋಕೆ ಡೆಕ್ಲನ್ ಒಪ್ಪಬೇಕು. ನೀನು ಹೋಗಿ ಕೇಳು. ನೀನೇ ಹೋಗಬೇಕು ಕಣೋ, ನಿನಗೆ ನಯವಾಗಿ ಮಾತಾಡೋಕೆ ಬರತ್ತೆ. ಹೀಗೆ ಹೊಸ ಅಟ್ಟಣೆ ತರಿಸಿದಾನೆ, ಉಕ್ಕಿಂದು, ಹಾರ್ನೆಸ್ ಐತೆ, ಇನ್ನು ಹೆದರಿಕೆ ಇಲ್ಲ ಅಂತ ಹೇಳು. ಮುದುಕಪ್ಪ ಆವತ್ತಿಂದ ಕಾಡಿನ ಕಡೆಗೇ ಹೋಗಿಲ್ಲವಂತೆ. ರೈಫಲ್ಲೂ ಪೊಲೀಸಿಗೆ ಒಪ್ಪಿಸಿಬಿಟ್ರಂತೆ, ಮಗಳು ಹೇಳಿದ್ಲಂತೆ, ಅಪ್ಪಾ ಇನ್ನು ಸಾಕು, ಒಬ್ಬ ಮನುಷ್ಯನ ಜೀವ ಹೋಗ್ತಿತ್ತು ಅಂತ. ಹೋಗ್ತೀಯಲ್ಲ? ಈಗಲೇ ಹೋಗು, ನಾಲ್ಕು ಗಂಟೆಗೆ ಮನೇಲೇ ಇರ್ತಾರೆ.

ಯಾಕೋ, ಸ್ಪ್ಯಾನರ್ ಕೆಳಗಿಟ್ಟುಬಿಟ್ಟೆ?

ಶ್ರೀರಾಮ... ಎತ್ತಿಕೋ ಅದನ್ನ.

ನನಗೆ ಹೋಗೋಕೆ ಆಗಲ್ಲ ಅಂತಲ್ಲ. ಹೋದ್ರೆ ಅವರು ಬೇಜಾರು ಮಾಡ್ಕೋತಾರೆ, ಅದಕ್ಕೆ. ನಾನು ಕುಂಟೋದು ನೋಡಿದ್ರೆ ಅವರಿಗೆ ಸಂಕಟ. ಚಳಿಗಾಲ ಪೂರಾ ನಮ್ಮ ಗೇಟಿನ ಗೋಡೆ ಮೇಲೆ ಮೊಟ್ಟೆ ಇಟ್ಟು ಹೋಗ್ತಿದ್ರು ಗೊತ್ತಾ, ಬೆಲ್ ಒತ್ತದೆ. ಕಿಟಕಿಯಿಂದ ನೋಡ್ತಿದ್ದೆ. ತಲೆ ಎತ್ತುತಿರಲಿಲ್ಲ. ಆ ಅಟ್ಟಣೇನ ಗರಗಸ ಹಾಕಿ ತುಂಡು ತುಂಡು ಮಾಡಿ ಸುಟ್ಟುಬಿಟ್ರು. ಮಿಕ್ ಕಟ್ಟಿದ ಅಟ್ಟಣೆ. ಅವರ ತಮ್ಮ ಮಿಕ್, ಬಡಗಿ, ಮೊದಲನೇ ಲಾಕ್‌ಡೌನಲ್ಲಿ ತೀರಿಹೋದ್ರಲ್ಲ, ಚರ್ಚಿಗೆ ಹತ್ತೇ ಜನ ಅಂತ ನಾವೆಲ್ಲಾ ರಸ್ತೆ ಬದಿ ಸಾಲಾಗಿ ನಿಂತು ಹೆಣದ ಗಾಡಿ ಹೋಗೋದು ನೋಡಿದ್ವಲ್ಲ... ಅವರ ಕೈಕೆಲಸ ಅದು. ನನ್ನ ತಮ್ಮ ಇಷ್ಟು ಕೆಟ್ಟದಾಗಿ ಕಟ್ಟಿದ್ನಾ ಅಂತ ಡೆಕ್ಲನ್ ಜುವೇರಿಯಾ ಹತ್ತಿರ ಅಂದ್ರಂತೆ. ಕಣ್ಣಲ್ಲಿ ನೀರಿತ್ತಂತೆ. ಅವಳು ಬಂದು ಹೇಳಿದ್ಲು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ.

ಹಾಗೆ ನೋಡಬೇಡ ಕಣೋ! ಬೈಯೋದಿದ್ರೆ ಬೈದುಬಿಡು!

ನೀನು ಅಲ್ಲೇ ಇದ್ದೆ, ಗೊತ್ತು. ಏಣಿ ಹಿಡ್ಕೊಂಡು ನಿಂತಿದ್ದೆ. ಹತ್ತೋಕೆ ಮುಂಚೆ ಅವರು ಕೇಳಿದ್ದೂ ನಿನಗೆ ಕೇಳಿಸಿತ್ತು. ಮಿಕ್ ಇದಕ್ಕೆ ಹದಿನಾರು ಸ್ಟೋನ್ ತೂಕ ಮೀರಬಾರದು ಅಂದಿದ್ದ, ನೀನೆಷ್ಟು ನಾಸಿರ್ ಅಂತ. ನಾನು ಹದಿನೈದು ಅಂದೆ. ಸರಿ, ಈ ದೇಶದ ಸ್ಟೋನ್ ಲೆಕ್ಕ ನಮಗೆ ಹೇಗೆ ಗೊತ್ತಾಗಬೇಕು? ನಾವು ಕಿಲೋದಲ್ಲಿ ಬೆಳೆದೋರು. ಏನೋ ಬಾಯಿಗೆ ಬಂದ...

...

ಹೂಂ. ಗೊತ್ತಿತ್ತು ನನಗೆ. ಆವತ್ತು ಬರ್ತಾ, ಕಾರಲ್ಲಿ. ನೀನೇ ಫೋನಲ್ಲಿ ಲೆಕ್ಕ ಹಾಕಿ ಹೇಳಿದ್ದೆ. ಒಂದು ಸ್ಟೋನ್ ಅಂದ್ರೆ ಆರೂ ಚಿಲ್ಲರೆ ಕಿಲೋ, ನೀನು ಇಪ್ಪತ್ತೊಂದು ಸ್ಟೋನ್ ಕಣೋ ಅಂತ. ಇಬ್ಬರೂ ನಕ್ಕಿದ್ವಿ. ಅದಾಗಿ ಹತ್ತು ನಿಮಿಷ ಆಗಿರಲಿಲ್ಲ.

ಮುರಿದ ಹಲಗೆ ನೀನು ಕೈಯಲ್ಲಿ ಎತ್ತಿಕೊಂಡಿದ್ದೆ. ನಾನು ಕೆಳಗೆ ಬಿದ್ದು ಕಿರುಚ್ತಿದ್ರೂ ನಿನ್ನ ಕೈ ನನಗೆ ಕಾಣ್ತಿತ್ತು. ಒಳಗೆ ಬೆಳ್ಳಗಿತ್ತು. ಒಣಗಿತ್ತು. ಕೊಳೆತಿರಲಿಲ್ಲ ಶ್ರೀರಾಮ. ಒಂದು ಕೂದಲಷ್ಟೂ ಕೊಳೆತಿರಲಿಲ್ಲ. ಒಳ್ಳೇ ಮರ, ಒಳ್ಳೇ ಕೆಲಸ. ಅವರು ಓಡಿ ಬಂದು, ಹಲಗೆ ಕೊಳೆತಿತ್ತಾ ಅಂತ ಕೇಳಿದ್ರು. ನಾನು ಹೌದು ಅಂದೆ. ನೀನು ಆ ತುಂಡನ್ನ ಪೊದೆ ಒಳಗೆ ಎಸೆದೆ. ನನಗೋಸ್ಕರ ಎಸೆದೆ. ಹೆಚ್ಚು ಕಡಿಮೆ ಒಂದು ವರ್ಷ ಅದರ ಮಾತು ಎತ್ತಲಿಲ್ಲ. ನಾನೂ ನಿನಗೇನೂ ಗೊತ್ತಿಲ್ಲ ಅನ್ನೋ ಹಾಗೇ ಇದ್ದುಬಿಟ್ಟೆ.

ಯಾಕೆ ಹಾಗಂದೆ ಅಂತೀಯಾ? ಇಪ್ಪತ್ತೊಂದು ಅಂದಿದ್ರೆ ಅವರು ಏನು ಮಾಡ್ತಿದ್ರು ಹೇಳು? ಪಾಪ, ಒಳ್ಳೆಯವರೇ, ನಗ್ತಾನೇ ಹೇಳ್ತಿದ್ರು, ಹಾಗಾದ್ರೆ ನೀನು ಕೆಳಗೆ ಕೂತ್ಕೋ ಅಂತ. ಕೆಳಗೆ. ನೆಲದ ಮೇಲೆ. ಕೊನೇಲಿ. ಮತ್ತೆ! ಒಂದೇ ಒಂದು ಸಲ ನನ್ನನ್ನ ಮೇಲಕ್ಕೆ ಹತ್ತು ಅಂದಿದ್ರು ಕಣೋ ಒಬ್ಬರು. ಆ ಹತ್ತು ಅಡಿ, ಹನ್ನೆರಡು ಅಡಿ... ನನಗೆ ಬೇಕಿತ್ತು.

ನೀನು ಹೋಗಿ ಕೇಳಲ್ಲ. ಅರ್ಥ ಆಯ್ತು. ಎಷ್ಟು ಕಿಲೋ ಉಕ್ಕು ತರಿಸಿದ್ರೂ ನೀನು ಆ ಮನೆ ಬಾಗಿಲಿಗೆ ನನ್ನ ಪರವಾಗಿ ಹೋಗಲ್ಲ. ಸರಿಯಾಗಿಯೇ ಮಾಡ್ತಿದೀಯಾ.

ಎಲ್ಲಿ, ಆ ಊರುಗೋಲು... ಬೇಡ, ಹಾಗೇ ನಡೀತೀನಿ. ಇಲ್ಲ, ನೀನು ಜೊತೆಗೆ ಬರಬೇಡ. ನೀನು ಪಕ್ಕದಲ್ಲಿದ್ರೆ ನಾನು ಮತ್ತೆ ಏನಾದ್ರೂ ಚಂದ ಮಾಡಿ ಹೇಳ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ಬೈದ್ರೆ ಬೈಲಿ. ಇನ್ನು ನನ್ನ ಜಮೀನಿಗೆ ಕಾಲಿಡಬೇಡ ಅಂದ್ರೆ ಇದನ್ನೆಲ್ಲಾ ಡಬ್ಬಕ್ಕೆ ತುಂಬಿ ವಾಪಸ್ ಕಳಿಸ್ತೀನಿ. ಆದ್ರೆ ಒಂದು ಮಾತು. ಈ ಮೈಗೆ ನಾನು ಕ್ಷಮೆ ಕೇಳಲ್ಲ. ಅವರ ಹತ್ತಿರವೂ ಇಲ್ಲ, ಯಾರ ಹತ್ತಿರವೂ ಇಲ್ಲ. ಸುಳ್ಳಿಗೆ ಕೇಳ್ತೀನಿ. ಮಿಕ್‌ನ ಹೆಸರಿಗೆ ಮಸಿ ಬಳಿದಿದ್ದಕ್ಕೆ ಕೇಳ್ತೀನಿ. ಜುವೇರಿಯಾ ಹೊರಗೆ ಬಂದ್ರೆ ಎಲ್ಲಿಗೆ ಹೋದೆ ಅಂತ ಹೇಳು. ಯಾಕೆ ಅಂದ್ರೆ ಅದನ್ನೂ ಹೇಳಿಬಿಡು, ಅವಳಿಗೂ ಗೊತ್ತಿಲ್ಲ.

ನೋಡು, ನಾಯಿ ಕರ್ಕೊಂಡು ಅವರೇ ಗೇಟಿಗೆ ಬಂದ್ರು. ತಲೆ ತಗ್ಗಿಸ್ಕೊಂಡೇ ಹೋಗ್ತಿದಾರೆ.

ಡೆಕ್ಲನ್! ಡೆಕ್ಲನ್, ನಿಲ್ಲಿ! ಇಲ್ಲ, ನೀವು ರಸ್ತೆ ದಾಟಿ ಬರಬೇಡಿ... ನಾನೇ ಅಲ್ಲಿಗೆ ಬರ್ತಿದೀನಿ.